ಸಾಹೇಬರ ಹೆಸರಿನ ಗೀಟು

ಆಫೀಸಿನ ಪಡಸಾಲೆಯಲ್ಲಿರುವ ಪ್ರಿಂಟರಿಗೆ ಕಾಗದ ತುಂಬುವುದು ನನ್ನ ಕೆಲಸ. ಓದಿದ್ದು ಮೂರನೇ ಕ್ಲಾಸು, ಆದರೆ ಕಂಡದ್ದನ್ನು ಮರೆತವನಲ್ಲ. ಹೊಸ ಸಾಹೇಬರು ಬಂದ ತಿಂಗಳಿಂದ ಅರ್ಧ ಬರೆದ ಪತ್ರಗಳು ರಾಶಿ ರಾಶಿ ಹೊರಬೀಳತೊಡಗಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮುದುಕ ಏನೇನೋ ಗುಂಡಿ ಒತ್ತುತ್ತಾನೆ ಅಂತ ಹೆಡ್‌ಕ್ಲಾರ್ಕು ವರದಿ ಬರೆದ. ಶುಕ್ರವಾರದೊಳಗೆ ಇದು ನಿಲ್ಲದಿದ್ದರೆ ನನ್ನನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು.

"ದಿನವಿಡೀ ಮನೇಲಿ ಕೂತು ನನ್ನ ತಲೆ ತಿಂತೀರಾ? ಹೇಗಾದ್ರೂ ಉಳಿಸ್ಕೊಳ್ಳಿ," ಎಂದಳು ಹೆಂಡತಿ.

ಮೂರು ದಿನ ಸ್ಟೂಲಿನ ಮೇಲೆ ಸುಮ್ಮನೆ ಕೂತು ನೋಡಿದೆ. ಹಾಳೆಗಳೆಲ್ಲ ನಿಂತಿದ್ದು ಒಂದೇ ಕಡೆ, ಸಾಹೇಬರ ಹೆಸರಿನ ನಡುವೆ. ಅಲ್ಲೊಂದು ಇಂಗ್ಲಿಷ್ ಅಕ್ಷರದ ತಲೆಯ ಮೇಲೆ ಓರೆ ಗೀಟಿದೆ.

ಒಳಗೆ ಹೋಗಿ ಟೈಪಿಸ್ಟಮ್ಮನನ್ನು ಕೇಳಿದೆ. "ಈ ಗೀಟಿನ ಅಕ್ಷರ ಹೇಗಮ್ಮ ಹೊಡೀತೀ?"

"ಮೂರು ಕೀ ಒಟ್ಟಿಗೆ ಒತ್ತಬೇಕು, ತಾತ."

"ಪ್ರಿಂಟ್ ತೆಗೆಯೋಕೆ?"

ಅವಳ ಬೆರಳು ಗಾಳಿಯಲ್ಲೇ ನಿಂತಿತು. "ಅಯ್ಯೋ, ಅದಕ್ಕೂ ಅವೇ ಮೂರು! ಪ್ರಿಂಟಿಗೆ ಆ ಕೀ ಇಡಿಸಿದ್ದು ಸಾಹೇಬ್ರೇ. ಬೆಕ್ಕಿಗೆ ಗಂಟೆ ಯಾರು ಕಟ್ತಾರೆ ತಾತ?"

"ಕೆಲಸ ಹೋಗ್ತಿರೋದು ನಂದು. ನಾನೇ ಕಟ್ತೀನಿ."

ಸಾಹೇಬರು ಕೇಳಿ ಹುಬ್ಬು ಗಂಟಿಕ್ಕಿದರು. "ಅಂದ್ರೆ ತಪ್ಪು ನನ್ನ ಹೆಸರಲ್ಲಿದೆಯಾ?"

"ಹೆಸರು ಬಂಗಾರದಂಥದ್ದು ಸಾರ್. ಒಂದೇ ಕೂಗಿಗೆ ಇಬ್ಬರು ಓಗೊಡ್ತಿದಾರೆ, ಅಷ್ಟೆ."

"ಗೀಟು ಬಿಟ್ಟು ಬರೆದ್ರೆ?" ಎಂದ ಹೆಡ್‌ಕ್ಲಾರ್ಕು.

"ಅದು ನಮ್ಮ ಮುತ್ತಾತನ ಕಾಲದ ಗೀಟು," ಎಂದರು ಸಾಹೇಬರು.

"ಹಾಗಾದ್ರೆ ಪ್ರಿಂಟಿನ ಕೀ ಬದಲಿಸಿದ್ರೆ?"

"ಅದು ನನ್ನ ಆದೇಶ ಕಣ್ರೀ."

ಹೆಡ್‌ಕ್ಲಾರ್ಕಿಗೆ ಅತ್ತ ದರಿ, ಇತ್ತ ಪುಲಿ. ಎರಡು ಗಂಟೆ ಸಭೆ ನಡೆಯಿತು. ಶುಕ್ರವಾರ ಹೊಸ ಆದೇಶ ಬಂತು: ಸಾಹೇಬರ ಹೆಸರು ಬರೆಯುವ ಮುಂಚೆ ಟೈಪಿಸ್ಟು ನನ್ನನ್ನು ಕೂಗತಕ್ಕದ್ದು, ನಾನು ಪ್ರಿಂಟರಿನ ಸ್ವಿಚ್ ಆರಿಸತಕ್ಕದ್ದು, ಹೆಸರು ಮುಗಿದ ಮೇಲೆ ಮತ್ತೆ ಹಾಕತಕ್ಕದ್ದು. ಈ ವಿಷಯದಲ್ಲಿ ಅನುಭವವುಳ್ಳವನು ನಾನೊಬ್ಬನೇ ಆದ್ದರಿಂದ ನನ್ನ ಸೇವೆ ಇನ್ನೆರಡು ವರ್ಷ ಮುಂದುವರಿಯತಕ್ಕದ್ದು.

ಸೋಮವಾರದಿಂದ ಅದೇ ಕೆಲಸ. ಅವಳು "ತಾತ" ಅನ್ನುತ್ತಾಳೆ, ಆರಿಸುತ್ತೇನೆ. "ಆಯ್ತು ತಾತ" ಅನ್ನುತ್ತಾಳೆ, ಹಾಕುತ್ತೇನೆ. ಹಾಕಿದ ಕೂಡಲೇ, ಅದುವರೆಗೆ ಕಂಪ್ಯೂಟರಿನಲ್ಲೇ ಕಾದು ಕೂತಿದ್ದ ಅರ್ಧ ಹಾಳೆ ಮೆಲ್ಲಗೆ ಹೊರಗೆ ಬರುತ್ತದೆ. ಅದನ್ನು ನಾನು ಯಾರಿಗೂ ಹೇಳಲು ಹೋಗಿಲ್ಲ.