ಕೈಯಿಂದ ಕೈಗೆ

ಹಳೆಯ ಚೀನೀ ಪಿಂಗಾಣಿ ಕೂಡಿಹಾಕುವವರನ್ನು ದೂರದಿಂದಲೇ ಗುರುತಿಸಬಹುದು. ಅವರ ಕೈಗಳು ಬೆನ್ನ ಹಿಂದೆ ಇರುತ್ತವೆ. ಅಂಗಡಿಗೆ ಬರಲಿ, ಯಾರದೋ ಮನೆಗೆ ಊಟಕ್ಕೆ ಬರಲಿ, ಮೊದಲು ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡು ಕುತ್ತಿಗೆಯನ್ನಷ್ಟೇ ಮುಂದಕ್ಕೆ ಚಾಚುತ್ತಾರೆ. ನೋಡಿದವರು ದೊಡ್ಡ ಮನುಷ್ಯರ ಠೀವಿ ಅಂದುಕೊಳ್ಳಬೇಕು. ಠೀವಿಯೂ ಇಲ್ಲ, ಮಣ್ಣೂ ಇಲ್ಲ. ಎಲ್ಲಿ ಏನು ತಗುಲಿ ಒಡೆದುಹೋಗುತ್ತದೋ ಎಂಬ ಭಯ, ಅಷ್ಟೇ.

ನಮ್ಮ ಭೂತಗನ್ನಡಿಯೂ ಹೀಗೇ ನಿಲ್ಲುವವನು. ಹಳೆ ಸಾಮಾನಿನ ಬೀದಿಯಲ್ಲಿ ಅವನ ನಿಜವಾದ ಹೆಸರು ಈಗ ಯಾರಿಗೂ ನೆನಪಿಲ್ಲ. ಐವತ್ತೆಂಟು ವರ್ಷ, ಮದುವೆ ಆಗಿಲ್ಲ. ಹೊಟ್ಟೆಪಾಡಿಗೆ ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಪುಣ್ಯ ಎಷ್ಟು ಜನಕ್ಕೆ ಉಂಟು? ಮನೆಯಲ್ಲಿರುವುದು ಎರಡೇ ಕೋಣೆ. ಅದರಲ್ಲಿ ಒಂದು ಪೂರ್ತಿ ಗಾಜಿನ ಬೀರುಗಳದ್ದು. ಇನ್ನೊಂದರಲ್ಲಿ ಇವನು ಹೇಗೋ ಮುದುಡಿಕೊಂಡು ಮಲಗುತ್ತಾನೆ.

ಈ ಹುಚ್ಚು ಹಿಡಿಸಿದವಳು ಅವನ ಅಕ್ಕ. ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ತಾಯಿ ಹೋದ ಮೇಲೆ ಇವನಿಗೆ ಉಣ್ಣಿಸಿ ಬೆಳೆಸಿದವಳೂ ಅವಳೇ. ಬೀದಿಯಲ್ಲೆಲ್ಲ ಅವಳ ಬೆರಳಿಗೆ ಇದ್ದ ಮರ್ಯಾದೆ ದೊಡ್ಡ ದೊಡ್ಡ ಪುಸ್ತಕಗಳಿಗೂ ಇರಲಿಲ್ಲ. ಬಟ್ಟಲನ್ನು ಮಗುಚಿ, ಮೆರುಗು ಹತ್ತದ ತಳದ ಅಂಚಿನ ಮೇಲೆ ಹೆಬ್ಬೆರಳು ಒಂದು ಸುತ್ತು ಆಡಿಸಿದಳೆಂದರೆ ಮುಗಿಯಿತು. ಹಳೆಯದು ಅಂದರೆ ಹಳೆಯದು, ಹೊಸದು ಅಂದರೆ ಹೊಸದು. ಮೇಲೆ ಮಾತಿಲ್ಲ.

ಅವಳು ತಮ್ಮನಿಗೆ ಕಲಿಸಿದ ಮೊದಲ ಪಾಠವೇ ಈ ಜನರ ಮೊದಲ ನಿಯಮ. ವಸ್ತುವನ್ನು ಕೈಯಿಂದ ಕೈಗೆ ಕೊಡಕೂಡದು, ತೆಗೆದುಕೊಳ್ಳಲೂ ಕೂಡದು. ಕೊಡುವವನು ಮೇಜಿನ ಮೇಲಿಟ್ಟು ಕೈ ಬಿಡಬೇಕು. ಆಮೇಲಷ್ಟೇ ಇನ್ನೊಬ್ಬ ಎತ್ತಿಕೊಳ್ಳಬೇಕು. ನಡುವೆ ಬಿದ್ದುಹೋದರೆ ಯಾರ ಕೈಯಿಂದ ಬಿತ್ತೆಂಬ ಜಗಳ ಏಳು ಜನ್ಮಕ್ಕೂ ಬಗೆಹರಿಯುವುದಿಲ್ಲ. ಇದು ಮೈಗೆ ಹತ್ತಲಿ ಎಂದು ಅಡುಗೆಮನೆಯಲ್ಲೂ ಬಿಡುತ್ತಿರಲಿಲ್ಲ. ಉಪ್ಪಿನ ಡಬ್ಬಿ ಚಾಚುವಳು, ಇವನು ಮರೆತು ಕೈಯೊಡ್ಡಿದರೆ ಗೆಣ್ಣಿಗೆ ಮರದ ಪಟ್ಟಿಯಿಂದ ಟಕ್ಕೆಂದು ಒಂದು ಏಟು. ಆರು ತಿಂಗಳಲ್ಲಿ ಪಾಠ ಎಷ್ಟು ಗಟ್ಟಿಯಾಯಿತೆಂದರೆ, ಯಾರಾದರೂ ಏನಾದರೂ ಚಾಚಿದರೆ ಸಾಕು, ಇವನ ಕೈಗಳು ಹೇಳದೆ ಕೇಳದೆ ಬೆನ್ನ ಹಿಂದೆ ಓಡಿಹೋಗುತ್ತಿದ್ದವು. ಬಸ್ಸಿನ ಕಂಡಕ್ಟರು ಟಿಕೀಟು ಕೊಡಲು ಬಂದು ಎಷ್ಟೋ ಸಲ ಬೈದಿದ್ದ.

ಇಷ್ಟು ಹೊಂದಿಕೊಂಡಿದ್ದ ಅಕ್ಕ ತಮ್ಮ ಹನ್ನೊಂದು ವರ್ಷ ಮುಖ ನೋಡಲಿಲ್ಲ ಎಂದರೆ ನಂಬಬೇಕು. ಕಾರಣ ಒಂದು ಬಟ್ಟಲು.

ಯಾರೋ ವೈದ್ಯರು ತೀರಿಕೊಂಡು ಅವರ ಮನೆಯ ಸಾಮಾನು ಮಾರಾಟಕ್ಕೆ ಬಂದಿತ್ತು. ಬಣ್ಣಗೆಟ್ಟ ತಟ್ಟೆ, ಬೂದಿದಾನಿಗಳ ಪೆಟ್ಟಿಗೆಯೊಂದನ್ನು ಇವನು ಕೊಂಡು ತಂದ. ಎಲ್ಲದರ ಅಡಿಯಲ್ಲಿ, ಅಂಗೈಯಷ್ಟು ಅಗಲದ ತಿಳಿಹಸಿರು ಬಟ್ಟಲು, ತಳದ ಅಂಚಿನ ಹತ್ತಿರ ಮೂರು ಕಪ್ಪು ಚುಕ್ಕೆ. ಹಿಂದಿನ ಕಾಲದ ಚೀನೀ ಬರಹಗಾರರು ಕುಂಚ ತೊಳೆಯಲು ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದಂಥದ್ದು. ಎಂಟುನೂರು ವರ್ಷದ್ದಿರಬಹುದು ಎಂದು ಇವನ ಬೆರಳು ಹೇಳಿತು. ಜೀವಮಾನದಲ್ಲಿ ಮೊದಲ ಸಲ ಅಕ್ಕನನ್ನು ಕೇಳದೆ ಅವನ ಬೆರಳು ತಾನಾಗಿ ಏನನ್ನೋ ಹೇಳಿತ್ತು. ಸಂತೋಷಕ್ಕೆ ಅವನಿಗೆ ಊಟ ಸೇರಲಿಲ್ಲ.

ಭಾನುವಾರ ಅಕ್ಕನ ಮನೆಯ ಉದ್ದ ಮೇಜಿನ ಸುತ್ತ ಐದಾರು ಸಂಗ್ರಹಕಾರರು ಸೇರುವ ಪದ್ಧತಿ. ಇವನು ಬಟ್ಟಲನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ. ಅಕ್ಕ ಎತ್ತಿದಳು, ಮಗುಚಿದಳು, ಹೆಬ್ಬೆರಳು ಆಡಿಸಿದಳು.

"ಹೊಸದು," ಅಂದಳು. "ತಳಕ್ಕೆ ಚಹಾದ ನೀರು ಹಚ್ಚಿ ಹಳೇದು ಮಾಡಿದ್ದಾರೆ."

"ಇನ್ನೊಂದ್ಸಲ ನೋಡು ಅಕ್ಕ."

"ಎಷ್ಟು ಸಲ ನೋಡಿದ್ರೂ ಅಷ್ಟೇ. ಭೂತಗನ್ನಡಿ ಕೊರಳಿಗೆ ನೇತುಹಾಕ್ಕೊಂಡ್ರೆ ಸಾಲ್ದು ಕಣೋ, ಅದರ ಹಿಂದೆ ಕಣ್ಣೂ ಇರ್ಬೇಕು."

ಆರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಡ್ಡಹೆಸರು ಅವತ್ತೇ ಅಂಟಿತು. ಇವನು ಒಂದೇ ವಾರದಲ್ಲಿ ಬಟ್ಟಲನ್ನು ಬೂದಿದಾನಿಗಳ ಜೊತೆ ಪರವೂರಿನ ವ್ಯಾಪಾರಿಯೊಬ್ಬನಿಗೆ ದಾಟಿಸಿಬಿಟ್ಟ. ಅಕ್ಕನ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಅವಳೂ ಕರೆಯಲಿಲ್ಲ. ಹಠದಲ್ಲಿ ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಅವಮಾನವನ್ನಾದರೂ ಮನುಷ್ಯ ನುಂಗಿಕೊಳ್ಳುತ್ತಾನೆ. ಆದರೆ ಅವನ ಬೆರಳು ಅಂದಿನಿಂದ ಮೂಕವಾಯಿತು. ಏನನ್ನು ಮುಟ್ಟಿದರೂ ಆರು ಜನ ನಕ್ಕ ಸದ್ದು ಕೇಳಿಸುತ್ತಿತ್ತು. ಹನ್ನೊಂದು ವರ್ಷ ಬೀದಿಯಲ್ಲಿ ಸುತ್ತಿದ, ನೋಡಿದ, ಒಂದು ಸಣ್ಣ ಬಸಿಯನ್ನೂ ಕೊಳ್ಳದೆ ಮನೆಗೆ ಬಂದ. ಅವಳು ಹೇಳಿದ್ದು ಸರಿಯೋ ತಪ್ಪೋ ತಿಳಿಯದೆ ಸಾಯುತ್ತೇನೆ ಎಂದು ಅವನಿಗೆ ಖಾತ್ರಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಲು ನಾಚಿಕೆಯಾದರೂ, ಅಕ್ಕನ ನೆನಪಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಛಾಪಖಾನೆಗೆ ಭಾವನ ಫೋನು ಬಂತು.

"ನಿಮ್ಮಕ್ಕನಿಗೆ ಹುಷಾರಿಲ್ಲ ಕಣೋ. ಎರಡು ವರ್ಷದಿಂದ ಕೈ ನಡುಕ ಇತ್ತು, ಈಗ ಉಸಿರೂ ಕೈ ಕೊಡ್ತಿದೆ. ಡಾಕ್ಟ್ರು ವಾರ ಅನ್ನೋಕೂ ಹಿಂದೆಮುಂದೆ ನೋಡ್ತಿದ್ದಾರೆ. ನಿನ್ನ ನೋಡ್ಬೇಕಂತೆ. ಬುಧವಾರ ಬಾ."

"ಇವತ್ತೇ ಬರ್ತೀನಿ ಭಾವ."

"ಬೇಡ, ಬುಧವಾರವೇ ಬಾ ಅಂದಿದ್ದಾಳೆ."

ಬುಧವಾರದ ಬಸ್ಸಿನಲ್ಲಿ ಕೂತು ಅವನು ಒಂದು ವಾಕ್ಯ ಸಿದ್ಧಮಾಡಿಕೊಂಡ. 'ಅಕ್ಕ, ನಾನು ಯಾವತ್ತೋ ಬರಬೇಕಿತ್ತು, ಬರಲಿಲ್ಲ, ಮನಸ್ಸಲ್ಲಿ ಇಟ್ಟುಕೋಬೇಡ.' ಕರಡು ತಿದ್ದುವವನ ಚಾಳಿ ಎಲ್ಲಿ ಹೋಗುತ್ತದೆ? 'ಯಾವತ್ತೋ' ತೆಗೆದ, ಮತ್ತೆ ಸೇರಿಸಿದ. ಇಳಿಯುವ ನಿಲ್ದಾಣ ದಾಟಿಹೋಗಿ ಹಿಂದಕ್ಕೆ ನಡೆದು ಬಂದ. ಬಟ್ಟಲಿನ ಮಾತೆತ್ತಬಾರದು ಎಂದು ತನಗೆ ತಾನೇ ಆಣೆ ಹಾಕಿಕೊಂಡ. ಅವಳು ಇರುವ ನಾಲ್ಕು ದಿನ ಅವಳ ತಮ್ಮನಾಗಿ ಇದ್ದುಬಿಡಬೇಕು, ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಉದ್ದ ಮೇಜನ್ನು ಗೋಡೆಗೆ ಒತ್ತರಿಸಿ, ಅದರ ಜಾಗದಲ್ಲಿ ಮಂಚ ಹಾಕಿದ್ದರು. ಮೇಜಿನ ತುಂಬ ಔಷಧಿ ಬಾಟಲಿ, ಹತ್ತಿ, ಆಮ್ಲಜನಕದ ಕೊಳವೆ. ಅಕ್ಕ ನಾಲ್ಕು ದಿಂಬಿಗೆ ಒರಗಿ ಕೂತಿದ್ದಳು. ಅಷ್ಟು ಎತ್ತರದ ಹೆಂಗಸು ಹೊದಿಕೆಯೊಳಗೆ ಒಂದು ಹಿಡಿಯಾಗಿದ್ದಳು. ಇವನು ಮಂಚದಿಂದ ಎರಡು ಹೆಜ್ಜೆ ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಸಿದ್ಧಮಾಡಿಕೊಂಡ ವಾಕ್ಯವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ತಿದ್ದತೊಡಗಿದ.

ಅಕ್ಕ ಇವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಹೊದಿಕೆಯ ಮಡಿಕೆಯೊಳಗಿಂದ ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಹೊರತೆಗೆದಳು. ಬಟ್ಟೆ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಒಳಗಿದ್ದದ್ದನ್ನು ಎರಡು ಕೈಯಲ್ಲಿ ಹಿಡಿದು, ಮೊಣಕೈ ದಿಂಬಿಗೆ ಊರಿ, ಅವನ ಕಡೆಗೆ ಚಾಚಿದಳು.

ತಿಳಿಹಸಿರು ಏನೋ ಕಂಡಿತು. ಅಷ್ಟೇ ಅವನಿಗೆ ಕಂಡದ್ದು. ಅವನ ಕಣ್ಣು ಮೇಜನ್ನು ಹುಡುಕಿತು. ಎಲ್ಲಿಡುತ್ತಾಳೆ ಇದನ್ನು? ಮೇಜು ಆಚೆ ಗೋಡೆಯ ಹತ್ತಿರ ಇತ್ತು. ಬೆನ್ನ ಹಿಂದೆ ಅವನ ಬೆರಳುಗಳು ಒಂದನ್ನೊಂದು ಇನ್ನೂ ಬಿಗಿಯಾಗಿ ಹಿಡಿದುಕೊಂಡವು. ಕಾಲು ಅರ್ಧ ಹೆಜ್ಜೆ ಹಿಂದಕ್ಕೆ ಸರಿಯಿತು. ಅಕ್ಕ ಮುಂದಕ್ಕೆ ಬಾಗಿ ಕೈಗಳನ್ನು ಇನ್ನಷ್ಟು ಚಾಚಿದಳು. ಅವಳು ನೋಡುತ್ತಿದ್ದದ್ದು ಬಟ್ಟಲನ್ನಲ್ಲ, ಬೆನ್ನ ಹಿಂದಿನಿಂದ ಬರಬೇಕಾಗಿದ್ದ ಅವನ ಕೈಗಳ ದಾರಿಯನ್ನು. ಅಲ್ಲಿಯವರೆಗೆ ನೆಟ್ಟಗಿದ್ದ ಅವಳ ಕೈಗಳು ಆಗ ನಡುಗತೊಡಗಿದವು. ಇವನು ಎಚ್ಚೆತ್ತು ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಅದು ನೆಲಕ್ಕೆ ಬಿದ್ದು ನಾಲ್ಕು ಹೋಳಾಯಿತು.

ಯಾರಾದರೂ ಸರಿ, ಇಂಥ ಹೊತ್ತಿನಲ್ಲಿ ಅಕ್ಕನ ಮುಖ ನೋಡುತ್ತಾರೆ. ಇವನು ಕುಕ್ಕರುಗಾಲಿನಲ್ಲಿ ಕೂತು ತಳದ ಹೋಳನ್ನು ಎತ್ತಿಕೊಂಡ. ಅಂಚಿನ ಹತ್ತಿರ ಸಾಸಿವೆಗಿಂತ ಚಿಕ್ಕದಾದ ಅದೇ ಮೂರು ಕಪ್ಪು ಚುಕ್ಕೆ. ಆ ಚುಕ್ಕೆಗಳನ್ನು ಅವನು ಸತ್ತರೂ ಮರೆಯುವಂತಿರಲಿಲ್ಲ. ಕೊರಳಿನ ಗಾಜನ್ನು ಕಣ್ಣಿಗೆ ಹಿಡಿದು, ಹೋಳಾದ ಜಾಗವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಇಡಿಯಾಗಿದ್ದಾಗ ಯಾರೂ ನೋಡಲಾಗದ ಒಳಗಿನ ಮಣ್ಣು ಈಗ ಕಾಣುತ್ತಿತ್ತು. ಬೂದಿ ಬಣ್ಣದ ಒರಟು ಮಣ್ಣು, ಮೇಲೆ ಪದರ ಪದರವಾಗಿ ಕೂತ ದಪ್ಪ ಮೆರುಗು. ಹೊಸಬರು ಇಂಥ ಮಣ್ಣನ್ನು ಮಾಡಲು ತಿಪ್ಪರಲಾಗ ಹಾಕಿದರೂ ಆಗುವುದಿಲ್ಲ. ಹನ್ನೊಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಒಂದೇ ಕ್ಷಣಕ್ಕೆ ಇಳಿಯಿತು. ಸುಳ್ಳೇಕೆ, ಅವನಿಗೆ ಖುಷಿಯಾಯಿತು. ಒಂದು ಉಸಿರಿನಷ್ಟು ಹೊತ್ತು ಅವನಷ್ಟು ಸುಖಿ ಆ ಊರಲ್ಲಿ ಇನ್ನೊಬ್ಬನಿರಲಿಲ್ಲ.

"ಹಳೇದೇ," ಅಂದ.

ಹನ್ನೊಂದು ವರ್ಷದ ಮೇಲೆ ಅಕ್ಕನಿಗೆ ಅವನು ಆಡಿದ ಮೊದಲ ಮಾತು ಅದು. ಹೇಳಿದ ಮೇಲೆ ತಲೆಯೆತ್ತಿದ. ಅವಳ ಎರಡು ಕೈಗಳೂ ಇನ್ನೂ ಚಾಚಿದಂತೆಯೇ ಇದ್ದವು.

"ಹೌದು," ಅಂದಳು ಅಕ್ಕ. "ಹಳೇದೇ." ಕೈಗಳನ್ನು ಒಂದೊಂದಾಗಿ ಹೊದಿಕೆಯೊಳಗೆ ಎಳೆದುಕೊಂಡಳು.

"ಅಕ್ಕ, ಅದು ಬೇಕಂತ ಅಲ್ಲ, ನಾನು..."

"ಸುಸ್ತಾಗಿದೆ ಕಣೋ. ನಾಳೆ ಮಾತಾಡೋಣ." ಮಗ್ಗುಲಾಗಿ ಗೋಡೆಯ ಕಡೆ ತಿರುಗಿದಳು.

ಇವನು ಬೆಪ್ಪುತಕ್ಕಡಿಯ ಹಾಗೆ ಹೋಳುಗಳನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಹೊರಗಿನ ಕುರ್ಚಿಯಲ್ಲಿ ಕೂತ. ನಾಳೆ ಎಲ್ಲ ಹೇಳಿಬಿಡಬೇಕು. ಎಲ್ಲವನ್ನೂ, ಬಿಡಿಬಿಡಿಯಾಗಿ.

ಮರುದಿನ ಅವಳಿಗೆ ಎಚ್ಚರವಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಮೂರನೆಯ ದಿನ ಕಿವಿಯ ಹತ್ತಿರ ಬಾಗಿ ಅವನು ತನ್ನ ವಾಕ್ಯವನ್ನೂ ಹೇಳಿದ, ಕೈ ಏಕೆ ಬರಲಿಲ್ಲ ಎಂಬುದನ್ನೂ ಹೇಳಿದ. ಎರಡೆರಡು ಸಲ ಹೇಳಿದ. ಸಂಜೆಗೆ ಅವಳು ಹೋದಳು.

ಎಲ್ಲ ಮುಗಿದು ಬಂದವರೆಲ್ಲ ಹೊರಟುಹೋದ ಮೇಲೆ ಒಂದು ದಿನ ಅವನು ಭಾವನ ಎದುರು ಕೂತಿದ್ದ. ಭಾವ ನಿವೃತ್ತ ಭೂಗೋಳದ ಮೇಷ್ಟ್ರು. ಐವತ್ತು ವರ್ಷ ಪಿಂಗಾಣಿಯ ನಡುವೆ ಸಂಸಾರ ಮಾಡಿಯೂ ಹೂದಾನಿಗೂ ಉಪ್ಪಿನಕಾಯಿ ಜಾಡಿಗೂ ವ್ಯತ್ಯಾಸ ತಿಳಿಯದ ಪುಣ್ಯಾತ್ಮ. ಹೇಳುತ್ತಿರುವುದು ಯಾರಿಗೆ ಹೇಗೆ ತಾಗುತ್ತದೆ ಎಂದು ನೋಡದೆ ಹೇಳಿಬಿಡುವ ಸ್ವಭಾವ.

"ಐದು ವರ್ಷದ ಹಿಂದೆ ಎಂಟುನೂರು ವರ್ಷದ ಹಿಂದೆ ಮುಳುಗಿದ ಯಾವುದೋ ಹಡಗಿನ ಸಾಮಾನಿನ ಚಿತ್ರ ನೋಡಿದ್ಲು. ಅಂಥದೇ ತಳದ ಬಟ್ಟಲು ಅದರಲ್ಲಿತ್ತಂತೆ. ಅವತ್ತು ಊಟ ಮಾಡ್ಲಿಲ್ಲ. 'ತಪ್ಪು ನನ್ನದೇ, ಅವನು ಸರಿ ನೋಡಿದ್ದ' ಅಂತ ಒಂದೇ ಸಮ. ಆಮೇಲೆ ಎಷ್ಟು ವ್ಯಾಪಾರಿಗಳಿಗೆ ಕಾಗದ ಬರೆದ್ಲೋ. ಹೋದ ವರ್ಷ ಸಿಕ್ತು."

"ಒಂದು ಫೋನ್ ಮಾಡ್ಬಾರ್ದಿತ್ತಾ ಭಾವ?"

"ನಾನೂ ಅದನ್ನೇ ಅಂದೆ. ಫೋನಲ್ಲಿ ಹೇಳೋ ಮಾತಲ್ಲ ಅಂದ್ಲು. ಕೈಗೇ ಕೊಡ್ಬೇಕು, ಮೇಜಿನ ಮೇಲಿಟ್ಟು ಕೊಟ್ರೆ ಹೊರಗಿನವನಿಗೆ ಕೊಟ್ಟ ಹಾಗೆ ಆಗುತ್ತೆ ಅಂದ್ಲು. ನಿನಗೆ ಬುಧವಾರ ಬಾ ಅಂದಿದ್ದು ಯಾಕೆ ಅಂದ್ಕೊಂಡೆ? ನಾಲ್ಕು ದಿನ ಲೋಟದಲ್ಲಿ ನೀರು ತುಂಬ್ಕೊಂಡು ನನ್ನ ಕೈಗೆ ಕೊಟ್ಟು ಕೊಟ್ಟು ಅಭ್ಯಾಸ ಮಾಡಿದ್ಲು. ಮೊದಲನೇ ದಿನ ಹಾಸಿಗೆಯೆಲ್ಲ ಒದ್ದೆ. ಮಂಗಳವಾರ ಒಂದು ಹನಿನೂ ಚೆಲ್ಲಲಿಲ್ಲ."

ಭೂತಗನ್ನಡಿ ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ.

"ಅವನಿಗೆ ಅಭ್ಯಾಸ, ಹಿಂದೆ ಸರಿದ್ರೆ ಏನು ಮಾಡ್ತೀಯ ಅಂತ ಕೇಳಿದ್ದೆ ಕಣೋ. 'ನನ್ನ ಕೈ ಈ ಸ್ಥಿತಿಲಿರೋದು ನೋಡಿ ಯಾರು ಹಿಂದೆ ಸರೀತಾರೆ' ಅಂದ್ಲು."

"ಆಮೇಲೆ ಏನಾದ್ರೂ ಅಂದ್ಲಾ? ನಾನು ಹೊರಗೆ ಕೂತಿದ್ದಾಗ?"

ಭಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಅವನಿಗೆ ಗೆದ್ದರೆ ಸಾಕಾಗಿತ್ತು, ಅಂದ್ಲು."

"ಹಾಗಲ್ಲ ಭಾವ. ಕೈ ತಾನಾಗಿ ಹಿಂದೆ ಹೋಯ್ತು. ಅವಳೇ ಕಲಿಸಿದ್ದು. ಬಟ್ಟಲು ಯಾವುದು ಅಂತಾನೂ ನನಗೆ ಗೊತ್ತಿರಲಿಲ್ಲ. ನಾನು ಅವಳನ್ನ ನೋಡೋಕೆ ಬಂದಿದ್ದೆ."

"ಇದನ್ನ ಅವಳಿಗೆ ಹೇಳಿದ್ಯಾ?"

"ಹೇಳ್ದೆ. ಮೂರನೇ ದಿನ, ಕಿವಿ ಹತ್ರ. ಎರಡು ಸಲ ಹೇಳ್ದೆ."

ಭಾವ ಕನ್ನಡಕ ಹಾಕಿಕೊಂಡು ಅವನ ಕಡೆ ತಿರುಗಿದರು.

"ಆಗ ಅವಳಿಗೆ ಏನೂ ಕೇಳಿಸ್ತಿರಲಿಲ್ಲ ಕಣೋ," ಅಂದರು.