ಲಗ್ನಾದಾಗಿಂದ ಕರೀದ ಹೆಸರು

ಲಕ್ವಾ ಹೊಡದು ನಮ್ಮ ಮನಿಯವರ ಮಾತು ನಿಂತೈತಿ. ಹೋದ ಮಾತು ಹೆಂಗ ತಿರುಗಿ ಬರ್ತೈತಿ ಅಂತ ಸಂಶೋಧನೆ ಮಾಡೋ ಡಾಕ್ಟರ ಹುಡುಗಿ ಹಾವೇರಿಯೊಳಗ ಅವರಿಗೆ ಮಾತು ಕಲಿಸ್ತಾಳ.

ಮೊದಲನೇ ದಿನ ನನ್ನ ತೋರಿಸಿ, "ಇವರ ಹೆಸರೇನು?" ಅಂದ್ಲು. ಇವರು ತಲಿ ಕೆಳಗ ಹಾಕಿದ್ರು.

"ಹೆಂಡ್ತಿ ಹೆಸರೂ ಮರತಾರ," ಅಂದ್ಲು ಆಕಿ.

ನನಗ ಸಿಟ್ಟು ಬಂತು. "ಮರತಿಲ್ಲವ್ವಾ, ಲಗ್ನಾದಾಗಿಂದ ಹೆಸರು ಹಿಡದು ಕರದೇ ಇಲ್ಲ! 'ಏ, ಎಲ್ಲಿದ್ದೀ?' ಅಂದ್ರ ನಾ ಬರ್ತಿದ್ದೆ."

ಆಕಿ ಹಟಾ ಹಿಡದು ನನ್ನ ಹೆಸರು ಕಲಿಸಿದ್ಲು. ಕಡೀಕ ಒಂದಿನ "ಕಲ್ಲವ್ವ" ಅಂದ್ರು. ನಾಚಿಕಿಯಾಗಿ ಸೆರಗು ಬಾಯಿಗೆ ಹಿಡಕೊಂಡೆ.

ಆಮ್ಯಾಲೆ ಆಕಳ ಚಿತ್ರ ತೋರಿಸಿದ್ಲು. "ಕಲ್ಲವ್ವ" ಅಂದ್ರು.

ಈಗ ಬಾಯಾಗ ಅದೊಂದ ಮಾತು. ನೀರು ಬೇಕಾದ್ರೂ ಕಲ್ಲವ್ವ, ನೋವಾದ್ರೂ ಕಲ್ಲವ್ವ. ಕರದಾಗೆಲ್ಲಾ ಓಡಿ ಹೋಗಿ ಮುಂದ ನಿಂದರ್ತೇನಿ. ನನ್ನ ನೋಡಿ ತಲಿ ಚಚ್ಚಿಕೊಂಡು ಅಳ್ತಾರ. ಅವರು ಕರದಿದ್ದು ನನ್ನಲ್ಲ.