ಮಾನ್‌ಲಿಂಗ್ ಅಕ್ಕ ಮತ್ತು ಹನ್ನೊಂದು ವರ್ಷ

ತು ಮಾನ್‌ಲಿಂಗ್ ಯಾರ ವಯಸ್ಸನ್ನೂ ಕೇಳಿದವರಲ್ಲ, ಪ್ರಾಣಿಯನ್ನು ಕೇಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯಿರಲಿ, ನೀರಿನ ಕ್ಯಾನು ತಂದವನಿರಲಿ, ಒಪ್ಪಂದಕ್ಕೆ ಸಹಿ ಹಾಕಲು ಬಂದ ಅಧಿಕಾರಿಯಿರಲಿ, ಮೊದಲ ಪ್ರಶ್ನೆ ಒಂದೇ: ನಿಮ್ಮದು ಯಾವ ವರ್ಷ, ಇಲಿಯೋ ಎತ್ತೋ ಹುಲಿಯೋ? ನಮ್ಮಲ್ಲಿ ಹನ್ನೆರಡು ವರ್ಷಗಳ ಸುತ್ತಿನಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರು. ಉತ್ತರ ಬಂದೊಡನೆ ಎಡಗೈಯ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳನ್ನು ಓಡಿಸಿ, ಕಣ್ಣನ್ನು ಅರೆಮುಚ್ಚಿ, ಎದುರಿಗಿದ್ದವರ ಜನ್ಮವರ್ಷವನ್ನು ಲೆಕ್ಕ ಹಾಕಿ ಮನಸ್ಸಿನಲ್ಲಿ ಇಟ್ಟುಕೊಂಡುಬಿಡುತ್ತಿದ್ದರು. ಆಮೇಲೆ ಹೆಸರು ಮರೆತರೂ ಪ್ರಾಣಿ ಮರೆಯುತ್ತಿರಲಿಲ್ಲ. ಅವರ ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತ ನಾನು ಕಡೆಯವರೆಗೂ ಅವರ ಬಾಯಲ್ಲಿ 'ಮೊಲ'ವಾಗಿಯೇ ಉಳಿದೆ.

ಸ್ಕೂಟರ್ ಓಡಿಸುವಾಗ ನಮ್ಮೂರಾದ ತೈನಾನ್‌ನ ಎಲ್ಲ ಹೆಂಗಸರಂತೆ ಅವರೂ ಎದೆಗೆ ಗಾಳಿ ಹೊಡೆಯದಿರಲೆಂದು ಜಾಕೆಟ್ಟನ್ನು ಹಿಂದುಮುಂದಾಗಿ ತೊಡುತ್ತಿದ್ದರು. ಉಳಿದವರು ಮೆಟ್ಟಿಲ ಬುಡದಲ್ಲೇ ಅದನ್ನು ಕಳಚಿದರೆ, ಮಾನ್‌ಲಿಂಗ್ ಅಕ್ಕ ಬೆನ್ನ ಮೇಲೆ ತೆರೆದ ಜಿಪ್ಪಿನೊಂದಿಗೆ, ಬಲಗಾಲಿನ ಚಪ್ಪಲಿಯನ್ನು ಸರಸರನೆ ಎಳೆಯುತ್ತ ಮೇಜಿಗೆ ಬಂದು ಕೂತು ಸಂಜೆಯವರೆಗೂ ಹಾಗೆಯೇ ಇರುತ್ತಿದ್ದರು. ಯಾರಾದರೂ ನೆನಪಿಸಿದರೆ, "ಬೆನ್ನಿಗೇನು ಸೆಖೆಯಾಗಲ್ವಾ?" ಎಂದು ತಿರುಗಿ ಕೇಳುವ ಗತ್ತು ಬೇರೆ. ಇಂಥವರಿಗೆ ಬುದ್ಧಿ ಹೇಳುವ ಗೋಜಿಗೆ ಹೋಗುವವರು ಯಾರು?

ನಮ್ಮದು ಸ್ಕೂಟರ್ ರಿಪೇರಿ ಅಂಗಡಿಯ ಮೇಲಿದ್ದ ಸಣ್ಣ ಕಂಪನಿ. ಒಂದು ಆರೋಗ್ಯ ಕಚೇರಿಗೆ ನಾವು ಮಾಡಿಕೊಟ್ಟ ತಂತ್ರಾಂಶದ ಕೆಲಸ ಇಷ್ಟೇ: ನಡುವಯಸ್ಸು ದಾಟಿದ ಹೆಂಗಸರಿಗೆ ಸ್ತನದ ತಪಾಸಣೆಗೆ ಬನ್ನಿರೆಂದು ಕಾಲಕಾಲಕ್ಕೆ ಪತ್ರ ಕಳಿಸುವುದು, ಎಪ್ಪತ್ತು ದಾಟಿದ ಮೇಲೆ ನಿಲ್ಲಿಸುವುದು. ಅದಕ್ಕಾಗಿ ಒಬ್ಬೊಬ್ಬರ ಮಾಹಿತಿಯನ್ನೂ ಗಂಟು ಕಟ್ಟಿ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸಿ, ಅಲ್ಲಿ ಬಿಚ್ಚಬೇಕು. ಕಟ್ಟಿ ಬಿಚ್ಚುವ ಈ ಕೆಲಸಕ್ಕೆ, ಹೊರಗಿನವರಾರೋ ಬರೆದು ಲೋಕಕ್ಕೆಲ್ಲ ಪುಕ್ಕಟೆ ಹಂಚಿದ್ದ ಒಂದು ಲೈಬ್ರರಿಯನ್ನು, ಎಂದರೆ ಸಿದ್ಧ ತಂತ್ರಾಂಶದ ತುಣುಕನ್ನು, ಮಾನ್‌ಲಿಂಗ್ ಅಕ್ಕ ಕಂಪನಿಯ ಆರಂಭದ ದಿನಗಳಲ್ಲೇ ತಂದು ಜೋಡಿಸಿದ್ದರು. ಕಾಲಾಂತರದಲ್ಲಿ ಆ ಆವೃತ್ತಿಯಲ್ಲಿ ಒಂದು ಬಿರುಕು ಪತ್ತೆಯಾಯಿತು. ದುರುಳನೊಬ್ಬ ಉಪಾಯದಿಂದ ಕಟ್ಟಿದ ಗಂಟನ್ನು ಕಳಿಸಿದರೆ, ಬಿಚ್ಚಿದ ಯಂತ್ರವೇ ಅವನ ಕೈವಶವಾಗುವಂಥ ಬಿರುಕು. ಅದನ್ನು ಮುಚ್ಚಿದ ಹೊಸ ಆವೃತ್ತಿ ಬಂದಿದ್ದರೂ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಸುಮ್ಮನೆ ನಡೆಯುತ್ತಿರುವುದನ್ನು ಕೆದಕುವುದೇಕೆ ಎಂಬುದು ಮ್ಯಾನೇಜರ್ ಯೆನ್ ಅವರ ಮತ. ಬಾಗಿಲು ಮುರಿದಿದೆಯೆಂದು ಗೊತ್ತಿದ್ದೂ ಒಳಗೆ ಮಲಗುವುದು ಹೇಗೆ ಎಂಬುದು ಅಕ್ಕನ ವಾದ. ಹಟ ಅಕ್ಕನದೇ ಗೆದ್ದಿತು.

ಬದಲಾವಣೆಯ ದಿನ, ಯಂತ್ರ ತಂಟೆ ಮಾಡದೆ ಹೇಳಿದ ಮಾತು ಕೇಳಲೆಂದು ಅದರ ನೆತ್ತಿಯ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿಯನ್ನು ನಮ್ಮ ಕಡೆಯ ಕಂಪ್ಯೂಟರಿನವರ ಪದ್ಧತಿಯಂತೆ ಇಟ್ಟೆವು. ಪರೀಕ್ಷೆಗಳೆಲ್ಲ ಪಾಸಾದವು. ಯೆನ್ ಅವರು ಎಲ್ಲರಿಗೂ ಸಾಬಕ್ಕಿಯಂಥ ಗುಂಡು ಹಾಕಿದ ತಣ್ಣನೆಯ ಚಹಾ ತರಿಸಿದರು. ಅಕ್ಕ ಮಾತ್ರ ಇಡೀ ದಿನ ಬೀಗುತ್ತ ಓಡಾಡಿದರು, ಅದನ್ನು ಮುಚ್ಚಿಟ್ಟುಕೊಳ್ಳಲು ಅವರಿಗೆ ಬರುತ್ತಲೂ ಇರಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ಅಕ್ಕ ದಿನವೂ ಬೆಳಗ್ಗೆ ಮೀನುಗಂಜಿ ಕುಡಿಯುತ್ತಿದ್ದುದು ಆ-ಲ್ವಾನ್ ಎಂಬ ಹೆಂಗಸಿನ ಅಂಗಡಿಯಲ್ಲಿ. ಮೀನಿನ ಮುಳ್ಳು ತೆಗೆಯುವುದರಲ್ಲಿ ಹೇಗೋ ಬೈಯುವುದರಲ್ಲೂ ಹಾಗೆಯೇ ನಿಸ್ಸೀಮಳಾದ ಆ-ಲ್ವಾನ್ ಅಂದು ಮಾತಿನ ನಡುವೆ, ತಪಾಸಣೆಯ ಗಾಡಿ ದೇವಸ್ಥಾನದ ಮುಂದೆ ಬಂದು ನಿಂತು ಹೋಯಿತು, ತನಗೀಸಲ ಪತ್ರವೇ ಬರಲಿಲ್ಲ, ವಯಸ್ಸಾಯಿತೆಂದು ಸರ್ಕಾರವೂ ಕೈಬಿಟ್ಟಿತೇನೋ, ಅರ್ಧ ದಿನದ ವ್ಯಾಪಾರವಾದರೂ ಉಳಿಯಿತು ಎಂದಳು. ಅಕ್ಕ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಕಚೇರಿಗೆ ಬಂದವರೇ ಆ-ಲ್ವಾನಳ ವಿವರವನ್ನು ತೆರೆದರು. ಪರದೆಯ ಮೇಲೆ ಹುಟ್ಟಿದ ವರ್ಷ ೧೯೪೭. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿದು ಒಂದು ಕಡೆ ನಿಂತಿತು.

"ಇದು ಹಂದಿ ವರ್ಷ ಕಣೋ ಮೊಲ," ಎಂದರು, ದನಿಯೇ ಇಲ್ಲದಂತೆ. "ಆ-ಲ್ವಾನ್ ಚಿಕ್ಕಮ್ಮ ನಾಯಿ."

ನಡೆದದ್ದು ಹೀಗೆ. ನಮ್ಮ ಕಚೇರಿಗಳಲ್ಲಿ ವರ್ಷವನ್ನು ಎಣಿಸುವುದು ನಮ್ಮ ಗಣರಾಜ್ಯ ಹುಟ್ಟಿದ ೧೯೧೨ನ್ನು ಒಂದೆಂದು ಹಿಡಿದು. ಲೋಕದ ೧೯೫೮ ನಮಗೆ ನಲವತ್ತೇಳು. ಮೊದಮೊದಲ ವರ್ಷಗಳಲ್ಲಿ ನೋಂದಾಯಿಸಿದ ಹೆಂಗಸರ ಜನ್ಮವರ್ಷವನ್ನು ಗುಮಾಸ್ತರು ಬರೆದಂತೆ, ಬರೀ ನಲವತ್ತೇಳು ಎಂದೇ ಅಕ್ಕ ಗಂಟಿನೊಳಗೆ ಇಡಿಸಿದ್ದರು. ಹಳೆಯ ಆವೃತ್ತಿ ಅದನ್ನು ಇದ್ದ ಹಾಗೆಯೇ ದಾಟಿಸುತ್ತಿತ್ತು, ಆಚೆ ಬದಿಯಲ್ಲಿ ಅಕ್ಕನ ಲೆಕ್ಕ ಅದನ್ನು ೧೯೫೮ ಮಾಡಿಕೊಳ್ಳುತ್ತಿತ್ತು. ಹೊಸದು ಹೆಚ್ಚು ಜಾಣ. ನಲವತ್ತೇಳನ್ನು ಕಂಡೊಡನೆ ೧೯೪೭ ಎಂದು ತಾನೇ ತಿದ್ದಿ ಕೊಟ್ಟಿತು. ನಾಲ್ಕಂಕಿಯ ಪೂರ್ತಿ ವರ್ಷವೇ ಬಂತಲ್ಲ ಎಂದು ಅಕ್ಕನ ಲೆಕ್ಕ ಸುಮ್ಮನಾಯಿತು. ಪರೀಕ್ಷೆಗಳು ನೋಡಿದ್ದು ದಿನಾಂಕ ಬಂತೇ ಎಂಬುದನ್ನು ಮಾತ್ರ, ಸರಿಯಾದ ದಿನಾಂಕವೇ ಎಂಬುದನ್ನಲ್ಲ. ಹೀಗೆ ಅರವತ್ತರ ಆಸುಪಾಸಿನ ಹೆಂಗಸರೆಲ್ಲ ಹನ್ನೊಂದು ವರ್ಷ ಮುದುಕಿಯರಾಗಿ, ಎಪ್ಪತ್ತು ದಾಟಿ, ಸದ್ದಿಲ್ಲದೆ ಪಟ್ಟಿಯಿಂದ ಆಚೆ ಹೋಗಿದ್ದರು. ಬಾರದ ಪತ್ರಕ್ಕಾಗಿ ದೂರು ಕೊಡುವವರು ಯಾರು?

ಸರಿಪಡಿಸಲು ಅಕ್ಕನಿಗೆ ಒಂದು ಮಧ್ಯಾಹ್ನ ಸಾಕಾಯಿತು. ಕಷ್ಟವಿದ್ದುದು ಸಂಜೆಯ ಸಭೆಯಲ್ಲಿ. ಯೆನ್ ಕೆಟ್ಟವರಲ್ಲ, ಎಲ್ಲರ ಅನ್ನದ ಚಿಂತೆ ಹೊತ್ತವರು. ಹೊರಗಿನ ಲೈಬ್ರರಿಯ ದೋಷವೆಂದು ಆರೋಗ್ಯ ಕಚೇರಿಗೆ ಒಂದು ಸಾಲು ತಿಳಿಸೋಣ, ಮುಂದಿನ ಸುತ್ತಿನಲ್ಲಿ ಎಲ್ಲರಿಗೂ ಪತ್ರ ಹೋಗೇ ಹೋಗುತ್ತದೆ, ಅರ್ಧ ನಿಜವೂ ನಿಜವೇ ಅಲ್ಲವೇ ಎಂದು ಮೆತ್ತಗೆ ಹೇಳಿದರು. ಮುಂದಿನ ಸುತ್ತು ಇನ್ನೆರಡು ವರ್ಷಕ್ಕೆ. ಅಕ್ಕ ಜಾಕೆಟ್ಟನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಸಭೆಯಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

"ಲೈಬ್ರರಿಯವರು ಬದಲಾವಣೆ ಏನೇನು ಅಂತ ಸ್ಪಷ್ಟವಾಗೇ ಬರೆದಿದ್ರು ಸಾರ್. ಎರಡಂಕಿ ವರ್ಷದ ಸಾಲು ನಾನು ಓದಿದೀನಿ. ನಮಗಲ್ಲ ಇದು ಅಂದ್ಕೊಂಡು ದಾಟಿಬಿಟ್ಟೆ. ನಾನೇ ಬರೆದಿದ್ದು ನಂಗೇ ಮರ್ತುಹೋಗಿತ್ತು. ತಪ್ಪು ನಂದು, ಹಂಗೇ ಬರೀರಿ."

"ಹಂಗೆ ಬರೆದ್ರೆ ಗುತ್ತಿಗೆ ಹೋಗುತ್ತೆ ಮಾನ್‌ಲಿಂಗ್."

"ಹೋಗ್ಲಿ. ಆ ಹೆಂಗಸರಿಗೆ ಪತ್ರ ಈ ವಾರಾನೇ ಹೋಗ್ಬೇಕು."

ಪತ್ರ ಹೋಯಿತು, ಏಕೆ ತಡವಾಯಿತೆಂಬ ಕಾರಣದ ಸಹಿತ. ಮರುವರ್ಷ ಗುತ್ತಿಗೆಯೂ ಹೋಯಿತು. ಯೆನ್ ಅಕ್ಕನೊಡನೆ ಬಹಳ ಕಾಲ ಮಾತು ಬಿಟ್ಟಿದ್ದರು. ನಮ್ಮಲ್ಲೂ ಕೆಲವರು, ಇಷ್ಟೊಂದು ಸತ್ಯಸಂಧತೆ ಯಾರಿಗೆ ಬೇಕಿತ್ತು ಎಂದು ಬೆನ್ನ ಹಿಂದೆ ಗೊಣಗಿದರು. ನಾನೂ ಗೊಣಗಿದವನೇ.

ಆ-ಲ್ವಾನಳನ್ನು ಅಕ್ಕ ಪತ್ರಕ್ಕೆ ಕಾಯದೆ, ಅಂಗಡಿಯ ಬಾಗಿಲು ಹಾಕಿಸಿ, ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಅವಳ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳ ವಿಳಂಬದಿಂದ ಹೆಚ್ಚೇನೂ ಕೆಟ್ಟಿಲ್ಲವೆಂದು ವೈದ್ಯೆ ಹೇಳಿದರು, ಅಕ್ಕ ನಂಬಲಿಲ್ಲ. ಔಷಧಿ ಹನಿಹನಿಯಾಗಿ ಇಳಿಯುವ ಅಷ್ಟು ಹೊತ್ತೂ ಮಂಚದ ಪಕ್ಕದ ಕುರ್ಚಿಯಲ್ಲಿ, ಬೈಸಿಕೊಳ್ಳಲೆಂದೇ ಬಂದವರಂತೆ ಕೂತಿರುತ್ತಿದ್ದರು. ನಿನ್ನ ಮೆಷೀನು ನನ್ನನ್ನು ಹಂದಿ ಮಾಡಿತಲ್ಲೇ ಎಂದು ಆ-ಲ್ವಾನ್ ಇಡೀ ವಾರ್ಡಿಗೆ ಕೇಳುವಂತೆ ಹಂಗಿಸಿ ನಗುತ್ತಿದ್ದಳು. ಅಕ್ಕ ನಗುತ್ತಿರಲಿಲ್ಲ. ಒಂದು ದಿನ, ನಾನು ಹಣ್ಣು ಹಿಡಿದು ಹೋಗಿದ್ದಾಗ, ಆ-ಲ್ವಾನ್ ನಗುವುದನ್ನು ನಿಲ್ಲಿಸಿ ಅಕ್ಕನ ಮೊಣಕೈ ಹಿಡಿದುಕೊಂಡಳು.

"ಕೇಳಿಲ್ಲಿ. ಹಿಂದೆ ಎಷ್ಟೋ ಪತ್ರ ಬಂದ್ವು, ಒಂದಕ್ಕೂ ನಾನು ಹೋದವಳಲ್ಲ. ಎಲ್ಲಾದ್ರಲ್ಲೂ ಮೀನಿನ ಹೊಟ್ಟೆ ಕಸ ಕಟ್ಟಿ ಬಿಸಾಕಿದೀನಿ. ಈ ಸಲಾನೂ ಬಂದಿದ್ರೆ ಅದೇ ಗತಿ. ಪತ್ರ ತಪ್ಪಿತು ಅಂತಾನೇ ನೀನು ನನ್ನ ಎಳ್ಕೊಂಡು ಬಂದೆ. ಇನ್ನಾದ್ರೂ ಮುಖ ಸರಿ ಮಾಡ್ಕೋ, ಮಗಳೇ."

ಅದು ನಿಜವೋ, ಎದುರು ಕೂತವಳ ಸಂಕಟ ನೋಡಲಾರದೆ ಹೊಸೆದ ಸುಳ್ಳೋ, ತಿಳಿಯುವುದು ಏನೇನೂ ಕಷ್ಟವಿರಲಿಲ್ಲ. ಯಾರು ಯಾವ ವರ್ಷ ತಪಾಸಣೆಗೆ ಬಂದಿದ್ದರೆಂಬುದು ಅದೇ ಯಂತ್ರದಲ್ಲಿತ್ತು. ಗುತ್ತಿಗೆ ಮುಗಿಯುವವರೆಗೂ ಅಕ್ಕನ ಬೆರಳ ತುದಿಯಲ್ಲಿತ್ತು. ಅಕ್ಕ ನೋಡಲಿಲ್ಲ. ಒಮ್ಮೆ ನಾನು ನೋಡಲೇ ಎಂದು ಕೇಳಿದ್ದಕ್ಕೆ, "ಬೇಡ ಮೊಲ" ಎಂದರು, ಅಷ್ಟೇ.

ತಪ್ಪೇ ಮಾಡದವರೆಂದು ಹೆಸರಾದವರನ್ನು ಈ ವೃತ್ತಿಯಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಅವರ ತಪ್ಪುಗಳೆಲ್ಲ ಇನ್ನಾರದೋ ಹೆಸರಿನಲ್ಲಿ ದಾಖಲಾಗಿರುತ್ತವೆ. ಮಾನ್‌ಲಿಂಗ್ ಅಕ್ಕನಂಥವರು ಬೇರೆಯೇ ಬಗೆಯ ಜನ. ಬದುಕಿಡೀ ಪ್ರತಿಯೊಂದನ್ನೂ ಪರೀಕ್ಷಿಸಿಯೇ ನಂಬುವ ಇವರು, ತಮ್ಮನ್ನು ಬಿಡುಗಡೆ ಮಾಡಬಲ್ಲ ಸಾಕ್ಷಿಯೊಂದು ಕೈಗೆಟಕುವಂತಿರುವಾಗ ಅದರತ್ತ ಕೈ ಚಾಚುವುದಿಲ್ಲ. ಸುಳ್ಳೆಂದು ತಿಳಿದರೆ ಆ-ಲ್ವಾನಳ ಕರುಣೆಗೆ ಅವಮಾನ, ನಿಜವೆಂದು ತಿಳಿದರೆ ತಮ್ಮ ಹೊರೆ ಹಗುರ. ಎರಡೂ ಇವರಿಗೆ ಬೇಡ. ಇಂಥವರೊಡನೆ ಕೆಲಸ ಮಾಡುವುದು ಸುಖವಲ್ಲ, ಕಂಪನಿಗೆ ಲಾಭವಂತೂ ಅಲ್ಲವೇ ಅಲ್ಲ. ಆದರೆ ನನ್ನ ತಾಯಿಯ ಹೆಸರೂ ಎಲ್ಲೋ, ಯಾವುದೋ ಯಂತ್ರದೊಳಗೆ, ಎರಡಂಕಿಯ ವರ್ಷವೊಂದರ ಪಕ್ಕದಲ್ಲಿ ಕೂತಿದೆ, ಮತ್ತು ಆ ಯಂತ್ರವನ್ನು ಕಾಯುತ್ತಿರುವವರು ಯಾರೆಂದು ನನಗೆ ಗೊತ್ತಿಲ್ಲ.